ಲಾರಿ ಹತ್ತೋಕೆ ಹೆದರುತ್ತಿದ್ದ ಮೇಸ್ತ್ರಿ

ನೀರಿಗೆ ಹೆದರೋ ಅಂಬಿಗನನ್ನ ನೀವು ನೋಡಿದೀರೋ ಇಲ್ವೋ ಗೊತ್ತಿಲ್ಲ. ಲಾರಿಗೆ ಹೆದರೋ ಲಾರಿ ಮೇಸ್ತ್ರೀನ ನಾನು ನೋಡಿದೀನಿ. ನೋಡಿದೀನಿ ಅಂದ್ರೆ ಏನು, ಹೇರೋಹಳ್ಳಿಯಲ್ಲಿ ಅವರ ಶೆಡ್ಡಿನ ತಗಡಿಗೂ ನಮ್ಮ ಅಂಗಡಿಯ ಹಿಂದಿನ ಗೋಡೆಗೂ ಮಧ್ಯೆ ಇದ್ದದ್ದು ಒಂದು ನುಗ್ಗೆ ಮರ. ಆ ಮರದ ಕಾಯಿ ಯಾರಿಗೆ ಸೇರಬೇಕು ಅನ್ನೋದರಿಂದಲೇ ನಮ್ಮಿಬ್ಬರ ಪರಿಚಯ ಶುರುವಾದದ್ದು. ಕೊನೆಗೆ ಕಾಯಿ ಅವರು ಕಿತ್ತುಕೊಡೋದು, ಸಾರು ನಾನು ಮಾಡಿಕೊಡೋದು ಅಂತ ರಾಜಿ ಆಯಿತು.

ಅವರ ಹೆಸರು ಬರೆಯಲ್ಲ. ಬದುಕಿದ್ದಾಗ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಹಾವೇರಿ ಕಡೆಯಿಂದ ಮೀಸೆ ಚಿಗುರೋ ವಯಸ್ಸಲ್ಲಿ ಬೆಂಗಳೂರಿಗೆ ಬಂದವರು, ಮಾಗಡಿ ರೋಡಿನ ಗ್ಯಾರೇಜುಗಳಲ್ಲಿ ಕೆಲಸ ಕಲಿತವರು, ಆಮೇಲೆ ಹೇರೋಹಳ್ಳಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡವರು. ಎಲ್ಲರಿಗೂ ಮೇಸ್ತ್ರಿ, ನಮಗೂ ಮೇಸ್ತ್ರಿ. ಇಷ್ಟು ವರ್ಷ ಈ ಊರಲ್ಲಿದ್ದರೂ ಮಾತು ಮಾತ್ರ ಹಾವೇರಿ ಬಸ್ ಸ್ಟ್ಯಾಂಡ್ ಬಿಟ್ಟು ಈಚೆ ಬಂದಿರಲಿಲ್ಲ.

ಹೆದರಿಕೆ ವಿಷಯಕ್ಕೆ ಬರ್ತೀನಿ. ಲಾರಿ ಕೆಳಗೆ ಬೆಳಗಿಂದ ಸಂಜೆವರೆಗೂ ಅಂಗಾತ ಮಲಗಿರೋಕೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಎದೆ ಮೇಲೆ ಅಷ್ಟು ಟನ್ ಕಬ್ಬಿಣ ಜಾಕಿನ ಮೇಲೆ ನಿಂತಿದ್ದರೂ ಕೆಳಗೆ ಗುನುಗುನು ಹಾಡಿಕೊಂಡಿರೋರು. ಅದೇ ಲಾರಿ ಕ್ಯಾಬಿನ್ ಒಳಗೆ ಕೂತು ಒಂದು ಫರ್ಲಾಂಗ್ ಹೋಗೋಣ ಬನ್ನಿ ಅಂದರೆ ಮುಖ ಬಿಳಿಚಿಕೊಳ್ಳೋದು. ಡ್ರೈವಿಂಗ್ ಬರುತ್ತಿರಲಿಲ್ಲ, ಕಲಿಯೋಕೆ ಹೋಗಲೂ ಇಲ್ಲ. ಬಸ್ಸು ಕೂಡ ಆಗದು. ಮಗಳ ಮನೆ ಹೊಸಹಳ್ಳಿಯಲ್ಲಿ. ಅಲ್ಲಿಂದ ದಿನಾ ಸೈಕಲ್ಲಲ್ಲೇ ಬರೋರು, ಸೈಕಲ್ಲಲ್ಲೇ ಹೋಗೋರು. ಮಾಗಡಿ ರೋಡಿನ ಆ ಟ್ರಾಫಿಕ್ಕಲ್ಲಿ ಸೈಕಲ್ ತುಳಿಯೋದಕ್ಕೆ ಹೆದರದವರು ಲಾರಿಯಲ್ಲಿ ಕೂರೋದಕ್ಕೆ ಯಾಕೆ ಹೆದರಬೇಕು ಅಂತ ಒಂದು ದಿನ ಕೇಳೇಬಿಟ್ಟೆ.

"ಲಾರಿ ಒಳಗ ಏನೇನೈತಿ ಅಂತ ನನಗ ಗೊತ್ತೈತಿ ತಂಗಿ. ಯಾವ ಬೋಲ್ಟ್ ಯಾವಾಗ ಕೈ ಕೊಡತೈತಿ ಅಂತಾನೂ ಗೊತ್ತೈತಿ. ನಿಮಗ ಏನೂ ಗೊತ್ತಿಲ್ಲ, ಅದಕ್ಕ ಆರಾಮ ಕುಂತು ನಿದ್ದಿ ಮಾಡತೀರಿ" ಅಂದರು.

ಗ್ಯಾರೇಜ್ ಮೇಸ್ತ್ರಿ ಅಂದ ತಕ್ಷಣ ನೀವು ಎಣ್ಣೆ ಜಿಡ್ಡಿನ ಮನುಷ್ಯನನ್ನ ನೆನೆಸಿಕೊಂಡಿರ್ತೀರಿ. ಅಯ್ಯೋ, ಅವರ ಶೋಕಿ ನೀವು ನೋಡಬೇಕಿತ್ತು! ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರಟು, ಹಣೆ ತುಂಬ ವಿಭೂತಿ, ತಿಂಗಳು ತಿಂಗಳು ತಪ್ಪದೆ ಕರೀ ಬಣ್ಣ ಕಾಣೋ ತಲೆಗೂದಲು. ಬಂದವರೇ ಶರಟು ಬಿಚ್ಚಿ ಹ್ಯಾಂಗರಿಗೆ ಹಾಕಿ, ಅದರ ಮೇಲೆ ಹಳೇ ಪೇಪರ್ ಹೊದಿಸಿ, ಖಾಕಿ ತೊಟ್ಟುಕೊಂಡು ಕೆಳಗೆ ನುಗ್ಗೋರು. ಸಂಜೆ ಸೀಮೆಎಣ್ಣೆ ಹಾಕಿ ಕೈ ಉಜ್ಜಿ, ಸೋಪು ಹಾಕಿ ಮುಖ ತೊಳೆದು, ಮತ್ತೆ ಅದೇ ಬಿಳಿ ಶರಟಲ್ಲಿ ಮದುಮಗನ ಹಾಗೆ ಸೈಕಲ್ ಹತ್ತೋರು. ಜಂಬವೂ ಹಾಗೇ ಇತ್ತು. "ಈ ಬೆಂಗಳೂರಾಗ ಮುಂದಿನ ಆಕ್ಸಲ್ ತಿಳಿದಾವ ಒಬ್ಬನ ಅದಾನ. ಯಾರು ಅಂತ ನಾ ಹೇಳಾಂಗಿಲ್ಲ" ಅಂತ ಬಂದ ಗಿರಾಕಿಗಳಿಗೆಲ್ಲ ಹೇಳೋರು. ಒಬ್ಬ ಗಿರಾಕಿ ಪಾಪ, ಹಾಗಾದರೆ ಅವರ ಅಡ್ರೆಸ್ ಕೊಡಿ ಅಂತ ಕೇಳಿ ಬೈಸಿಕೊಂಡ.

ಅವರ ಕೆಲಸ ಏನು ಅಂತ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯಲ್ಲ, ಅದಕ್ಕೆ ಸ್ವಲ್ಪ ತಾಳ್ಮೆಯಿಂದ ಕೇಳಿ. ಸಾಮಾನ್ಯ ಲಾರಿಗೆ ಇಂಜಿನ್ನಿನ ಜೋರು ಹೋಗೋದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದಿನವು ಸುಮ್ಮನೆ ಉರುಳ್ತವೆ, ತಿರುಗ್ತವೆ. ಕೆಸರು, ಬೆಟ್ಟ, ಹೊಲದ ದಾರಿ ಅಂತ ಹೋಗೋರಿಗೆ ಇದು ಸಾಲದು. ಮುಂದಿನ ಚಕ್ರವೂ ಎಳೆಯಬೇಕು. ಆಗ ಮುಂದಿನ ಆಕ್ಸಲ್ ಕಿತ್ತು ಬೇರೆ ಆಕ್ಸಲ್ ಕೂರಿಸ್ತಾರೆ. ಆ ಹೊಸ ಆಕ್ಸಲ್ಲಿನ ನಡುವೆ ಗೇರುಗಳಿರೋ ಒಂದು ದಪ್ಪ ಉಂಡೆ ಇರುತ್ತೆ. ಲಾರಿ ಗುಂಡಿಗೆ ಇಳಿದಾಗ ಆ ಉಂಡೆ ಮೇಲಕ್ಕೆ ಬಂದು ಇಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಗುದ್ದುತ್ತೆ. ಹಾಗೆ ಗುದ್ದಬಾರದು ಅಂದರೆ ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಇನ್ನೂ ಹೆಚ್ಚು ಬಾಗಿರಬೇಕು, ಲಾರಿ ಮುಂದೆ ಎತ್ತರ ನಿಲ್ಲಬೇಕು. ಅಲ್ಲಿಗೆ ನಾನು ಬರ್ತೀನಿ. ನಮ್ಮದು ನಮ್ಮಪ್ಪ ಬಿಟ್ಟುಹೋದ ಸ್ಪ್ರಿಂಗ್ ಪ್ಲೇಟಿನ ಅಂಗಡಿ. ಲಾರಿ ಕೆಳಗೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿ ಒಂದರ ಮೇಲೊಂದು ಜೋಡಿಸಿರ್ತಾರಲ್ಲ, ಅವನ್ನ ಕಾಯಿಸಿ ಬಡಿದು ಬಾಗಿಸಿಕೊಡೋದು. ಕುಲುಮೆ ಹತ್ತಿರ ಆಳುಗಳು, ಗಲ್ಲಾ ಹತ್ತಿರ ನಾನು.

ಎಷ್ಟು ಬಾಗು ಬೇಕು ಅಂತ ಮೇಸ್ತ್ರಿ ಬಾಯಲ್ಲಿ ಹೇಳುತ್ತಿರಲಿಲ್ಲ. ಒಂದು ಕಬ್ಬಿಣದ ತಂತಿ ಬಗ್ಗಿಸಿಕೊಂಡು ಬರೋರು. ನಮ್ಮ ಅಂಗಡಿ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ತಂತೀನ ಆಕಾಶಕ್ಕೆ ಹಿಡಿದು ನೋಡೋರು. "ಹಿಂಗ ಬೇಕು." ನಮ್ಮ ಆಳು ಬಡಿದು ತಂದಿಟ್ಟರೆ ಅದರ ಪಕ್ಕ ತಂತಿ ಇಟ್ಟು, "ತಂಗಿ, ಇದು ಬಿಲ್ಲಲ್ಲ, ಇದು ಮುದುಕಿ ಬೆನ್ನು. ಮತ್ತ ಕಾಸು" ಅನ್ನೋರು. ನನಗೂ ಸಿಟ್ಟು ಬರೋದು. ನಾನು ಪ್ಲೇಟಿನ ಮನೇಲಿ ಹುಟ್ಟಿ ಬೆಳೆದವಳು, ನನಗೆ ಹೇಳಿಕೊಡೋಕೆ ಬರ್ತಾರಲ್ಲ ಅಂತ. ಆದರೆ ಮತ್ತೆ ಕಾಸಿದ ಮೇಲೆ ನೋಡಿದರೆ ಮೊದಲನೇದು ನಿಜವಾಗಲೂ ಮುದುಕಿ ಬೆನ್ನೇ ಆಗಿರೋದು.

ಪಕ್ಕದ ಲೇತ್ ಮತ್ತು ವೆಲ್ಡಿಂಗಿನ ಸೆಲ್ವಣ್ಣನಿಗೂ ಅವರಿಗೂ ಒಂದು ಕಾಲದಲ್ಲಿ ಮಾತೇ ಇರಲಿಲ್ಲ. ಯಾವುದೋ ಬುಶ್, ಅಂದ್ರೆ ಬೋಲ್ಟಿನ ಸುತ್ತ ಕೂರೋ ಬಳೆ, ಸ್ವಲ್ಪ ಸಡಿಲ ಆಯಿತು ಅಂತ ಶುರುವಾದ ಜಗಳ. ಮಾತಿಲ್ಲ, ಆದರೆ ಕೆಲಸ ಬಿಡೋಕಾಗಲ್ಲ. ಹಾಗಾಗಿ ನನ್ನ ಮೂಲಕ ಮಾತಾಡೋರು. ಸೆಲ್ವಣ್ಣ ಮೂರು ಮಾರು ದೂರದಲ್ಲೇ ನಿಂತಿರೋನು. ಮೇಸ್ತ್ರಿ ನನ್ನ ಕಡೆ ತಿರುಗಿ, "ತಂಗಿ, ಆ ಮನಷ್ಯಾಗ ಹೇಳು, ವೆಲ್ಡಿಂಗ್ ಆರೋ ಮುಂಚೆ ನೀರು ಹಾಕಬ್ಯಾಡ ಅಂತ" ಅನ್ನೋರು. ಸೆಲ್ವಣ್ಣ ನನ್ನ ಕಡೆ ತಿರುಗಿ, "ಅಕ್ಕಾ, ನಾನು ಯಾವತ್ತು ನೀರು ಹಾಕಿದೀನಿ ಅಂತ ಕೇಳಿ ಅವರನ್ನ" ಅನ್ನೋನು. ಮಧ್ಯೆ ನಾನು, ಸವತಿಯರ ಮಧ್ಯೆ ಸಿಕ್ಕ ಗಂಡನ ಹಾಗೆ. ದೀಪಾವಳಿಗೆ ಸೆಲ್ವಣ್ಣನ ಹೆಂಡತಿ ಮುರುಕು ಕಳಿಸಿದ ಮೇಲೆ ಆ ಜಗಳ ಮುಗಿಯಿತು.

ಮೇಸ್ತ್ರಿಗೆ ಒಂದು ಪದ್ಧತಿ ಇತ್ತು, ಅದನ್ನ ಎಂದೂ ಮುರಿದವರಲ್ಲ. ಸ್ಪ್ರಿಂಗ್ ಪ್ಲೇಟನ್ನ ಲಾರಿಗೆ ಜೋಡಿಸಿ ಬೋಲ್ಟುಗಳನ್ನ ಸುಮ್ಮನೆ ಕೈಯಲ್ಲಿ ತಿರುಗಿಸಿ ಬಿಡೋರು, ಬಿಗಿಯುತ್ತಿರಲಿಲ್ಲ. ಲಾರಿ ಜಾಕಿನಿಂದ ಇಳಿದು, ತನ್ನ ಚಕ್ರದ ಮೇಲೆ ನಿಂತು, ನಾಳೆ ಹೊರಬೇಕಾದ ಭಾರ ಏನಿದೆಯೋ ಅದನ್ನ ಇವತ್ತೇ ಹೊತ್ತು, ಪ್ಲೇಟು ಎಷ್ಟು ಬಗ್ಗಬೇಕೋ ಅಷ್ಟು ಬಗ್ಗಿದ ಮೇಲೇ ಬಿಗಿಯೋದು. ಗಾಳಿಯಲ್ಲಿ ನಿಂತಾಗ ಬಿಗಿದರೆ ಒಳಗಿನ ರಬ್ಬರ್ ಬುಶ್ಶು ಜೀವಮಾನ ಪೂರ್ತಿ ತಿರುಚಿಕೊಂಡೇ ಇದ್ದು ಹರಿಯುತ್ತೆ. ಇದು ಬೇರೆ ಮೆಕ್ಯಾನಿಕ್‌ಗಳಿಗೂ ಗೊತ್ತು. ಆದರೆ ಅವರು ಭಾರದ ಬದಲು ಅಂದಾಜಲ್ಲಿ ಮುಗಿಸ್ತಾರೆ. ಇವರಿಗೆ ಅಂದಾಜು ಆಗದು. "ಭಾರ ಕುಂದರೋ ಮುಂಚೆ ಬಿಗೀಬಾರದು" ಅನ್ನೋದು ಅವರ ಮಂತ್ರ. ಮೇವು ಸಾಗಿಸೋ ಗಾಡಿಯಾದರೆ ಮೇವು, ನೀರಿನ ಗಾಡಿಯಾದರೆ ನೀರು.

ಒಮ್ಮೆ ಒಬ್ಬರು ಹಳೇ ಜೀಪು ತಂದರು. ತೋಟಕ್ಕೆ ಮನೆಮಂದಿಯೆಲ್ಲ ಹೋಗೋಕೆ ಬೇಕು ಅಂದರು. "ಮನಿಮಂದಿ ಅಂದ್ರ ಯಾರ್ಯಾರು?" ಅಂತ ಮೇಸ್ತ್ರಿ ಕೇಳಿದರು. ಹೆಂಡತಿ, ಮಕ್ಕಳು, ಅತ್ತೆ. "ಅತ್ತೀನೂ ಬರತಾರೇನು? ಹಂಗಾದ್ರ ಅತ್ತೀನ್ನ ಕರಕೊಂಡ ಬರ್ರಿ." ಅವರು ನಗುತ್ತಾ ಹೋದರು, ಭಾನುವಾರ ನಿಜವಾಗಲೂ ಎಲ್ಲರನ್ನೂ ಹೊತ್ತು ತಂದರು. ಜೀಪಲ್ಲಿ ಎಲ್ಲರನ್ನೂ ಕೂರಿಸಿ ಮೇಸ್ತ್ರಿ ಕೆಳಗೆ ಮಲಗಿದರು. ಅತ್ತೆಯವರು ಮೇಲಿಂದ, "ಏನಪ್ಪಾ, ಇನ್ನೂ ಎಷ್ಟು ಹೊತ್ತು?" ಅಂತ ಕೇಳೋರು, ಕೆಳಗಿಂದ, "ಅಮ್ಮಾರ, ಅಲ್ಲಾಡಬ್ಯಾಡ್ರಿ, ನಿಮ್ಮ ಕಡೆ ಬೋಲ್ಟ ನಡದೈತಿ" ಅಂತ ಉತ್ತರ ಬರೋದು. ನಾನು ಎಲ್ಲರಿಗೂ ಕಾಫಿ ಕಳಿಸಿದೆ. ನಮ್ಮ ಬೀದಿಯವರು ತಿಂಗಳುಗಟ್ಟಲೆ ಆ ಮಾತು ಆಡಿಕೊಂಡು ನಕ್ಕರು.

ಇನ್ನು ನಗು ಸಾಕು. ನಮ್ಮನೆಯವರ ವಿಷಯ ಹೇಳಬೇಕು, ಯಾಕೆಂದರೆ ಮೇಸ್ತ್ರಿ ನನಗೆ ಏನಾಗಿದ್ದರು ಅಂತ ಅದಿಲ್ಲದೆ ಹೇಳೋಕೆ ಬರಲ್ಲ.

ನಮ್ಮನೆಯವರು ಡ್ರೈವರ್. ಹುಟ್ಟಾ ಡ್ರೈವರ್ ಅನ್ನಬೇಕು, ಊಟಕ್ಕೆ ಕೂತಾಗಲೂ ಬಲಗಾಲು ಆಕ್ಸಿಲೇಟರ್ ಮೇಲಿಟ್ಟ ಹಾಗೆ ಇಟ್ಟುಕೊಳ್ಳೋ ಜಾತಿ. ನಮ್ಮದೇ ಒಂದು ಸಣ್ಣ ಲಾರಿ. ಬೆಟ್ಟದ ಕಡೆ ಊರುಗಳಿಗೆ ಕರೆಂಟ್ ಕಂಬ, ತಂತಿ ಸಾಗಿಸೋ ಕೆಲಸ ಸಿಕ್ಕಿತು. ಅಲ್ಲಿ ರಸ್ತೆ ಅನ್ನೋದು ಹೆಸರಿಗೆ ಮಾತ್ರ. ಗಾಡಿಗೆ ನಾಲ್ಕೂ ಚಕ್ರ ಎಳೆಯೋ ಹಾಗಿದ್ದರೆ ಮಾತ್ರ ಬನ್ನಿ ಅಂದರು. ಆಗ ಮೇಸ್ತ್ರಿ ಶೆಡ್ಡು ಮುಚ್ಚಿ ಊರಿಗೆ ಹೋಗಿದ್ದರು, ಅಣ್ಣನ ಕಾಯಿಲೆ ಅಂತ. ಯಾವಾಗ ಬರ್ತಾರೋ ಗೊತ್ತಿಲ್ಲ. ಕೆಲಸ ಕಾಯಲ್ಲ. ನಮ್ಮನೆಯವರು ಊರಾಚೆ ಬೇರೆ ಯಾವುದೋ ಗ್ಯಾರೇಜಲ್ಲಿ ಮಾಡಿಸಿಕೊಂಡು ಬಂದರು. ಹತ್ತುವಾಗ ಚೆನ್ನಾಗಿಯೇ ಹತ್ತುತ್ತೆ ಅಂತ ಖುಷಿಯಾಗಿದ್ದರು. ಇಳಿಯೋವಾಗ ಸ್ಟೇರಿಂಗ್ ಸ್ವಲ್ಪ ಒರಟು, ಪಳಗುತ್ತೆ ಬಿಡು ಅಂದರು.

ಪಳಗಲಿಲ್ಲ. ಕಂಬ ಇಳಿಸಿ ಖಾಲಿ ಲಾರಿಯಲ್ಲಿ ಬೆಟ್ಟ ಇಳಿಯುವಾಗ ಒಂದು ತಿರುವಲ್ಲಿ ಸ್ಟೇರಿಂಗ್ ತಿರುಗಿತು, ವಾಪಸ್ ಬರಲಿಲ್ಲ. ಲಾರಿ ತಿರುಗಿದ ಕಡೆಗೇ ಹೋಗಿ ಪೊದೆಯಲ್ಲಿ ಇಳಿದು ಮಗುಚಿತು. ನಮ್ಮನೆಯವರಿಗೆ ತರಚು ಗಾಯ. ಪಕ್ಕ ಕೂತಿದ್ದ ಹಮಾಲಿಯ ಕಾಲು ಮುರಿಯಿತು. ಆತ ಈಗ ನಡೀತಾನೆ, ಆದರೆ ಕುಂಟುತ್ತಾ ನಡೀತಾನೆ. ನಮ್ಮನೆಯವರು ಮನೆಗೆ ಬಂದು ಲಾರಿ ಕೀಲಿಕೈಯನ್ನ ದೇವರ ಗೂಡಲ್ಲಿ ಇಟ್ಟರು. ಮತ್ತೆ ಮುಟ್ಟಲಿಲ್ಲ.

ನೆಂಟರು, ಬೀದಿಯವರು ಬಂದು ಬಂದು ಹೇಳಿದರು. ತೂಕಡಿಸಿರಬೇಕು. ವಯಸ್ಸಾಯಿತಲ್ಲ. ಗಾಡಿ ಮೇಲೆ ಹೇಳ್ತಾರೆ ಬಿಡಿ, ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಆ ಮಾತು ಅವರ ಕಿವಿಗೂ ಬಿತ್ತು. ಅವರು ಜಗಳಾಡಿದ್ದರೆ ನನಗೆ ಸಮಾಧಾನ ಆಗ್ತಿತ್ತು. ಆದರೆ ಅವರೂ ಅದನ್ನೇ ನಂಬಿದರು. "ನಂದೇ ತಪ್ಪು ಕಣೇ, ನಾನೇ ಸರಿಯಾಗಿ ತಿರುಗಿಸಲಿಲ್ಲ" ಅಂತ ಟಿವಿ ಮುಂದೆ ಕೂತರು. ಬೆಳಗ್ಗೆ ಟಿವಿ, ಸಂಜೆ ಟಿವಿ. ಗಂಡ ಮನೇಲಿದ್ದರೆ ಹೆಂಗಸಿಗೆ ಖುಷಿ ಅಂತಾರೆ. ನನಗೆ ಎದೆ ಒಡೆದು ಹೋಗಿತ್ತು. ಜೀವ ಉಳೀತು, ಆದರೆ ನನ್ನ ಗಂಡ ವಾಪಸ್ ಬರಲಿಲ್ಲ ಅನ್ನಿಸಿತು.

ಮೇಸ್ತ್ರಿ ಊರಿಂದ ಬಂದರು. ನುಗ್ಗೆ ಮರದ ಕೆಳಗೆ ಮೂತಿ ಜಜ್ಜಿಕೊಂಡು ನಿಂತಿದ್ದ ನಮ್ಮ ಲಾರಿ ನೋಡಿದರು. ಶರಟು ಬಿಚ್ಚಿ ಹ್ಯಾಂಗರಿಗೆ ಹಾಕಿ ಕೆಳಗೆ ನುಗ್ಗಿದರು. ಈಚೆ ಬಂದಾಗ ಕೈಯಲ್ಲಿ ಕಬ್ಬಿಣದ ಎರಡು ಬೆಣೆ ಇದ್ದವು.

"ತಂಗಿ, ಕುಣೀಲಿಕ್ಕೆ ಬರದಾಕಿ ಅಂಗಳ ಡೊಂಕ ಅಂದ್ಲಂತ. ಖರೇ. ಆದ್ರ ಈ ಸಲ ಅಂಗಳಾನ ಡೊಂಕೈತಿ" ಅಂದರು.

ಆಗ ನನಗೆ ಅವರು ತಿಳಿಸಿ ಹೇಳಿದರು, ನಾನೂ ನಿಮಗೆ ಹಾಗೇ ಹೇಳ್ತೀನಿ. ಸೈಕಲ್ಲಿನ ಹ್ಯಾಂಡಲ್ ಕಂಬ ನೋಡಿ, ನೆಟ್ಟಗೆ ನಿಂತಿರಲ್ಲ, ಸವಾರನ ಕಡೆಗೆ ಒರಗಿರುತ್ತೆ. ಆ ಒರಗು ಇರೋದಕ್ಕೇ ಕೈ ಬಿಟ್ಟರೂ ಸೈಕಲ್ಲು ನೇರ ಹೋಗುತ್ತೆ. ಲಾರಿಯ ಮುಂದಿನ ಚಕ್ರಕ್ಕೂ ಆ ಒರಗು ಬೇಕು. ಇದ್ದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತೆ. ಆದರೆ ನಾಲ್ಕೂ ಚಕ್ರದ ಗಾಡಿಯಲ್ಲಿ ಆಕ್ಸಲ್ಲಿನ ಉಂಡೆಗೆ ಒಂದು ಮೂತಿ ಇದೆ, ಇಂಜಿನ್ ಕಡೆಯಿಂದ ಬರೋ ಶಾಫ್ಟು ಅಲ್ಲಿಗೆ ಕೂಡುತ್ತೆ. ಲಾರಿ ಎತ್ತರಿಸಿದ ಮೇಲೆ ಮೂತೀನೂ ಮೇಲೆತ್ತಬೇಕು, ಇಲ್ಲದಿದ್ದರೆ ಶಾಫ್ಟು ಗಡಗಡ ಅನ್ನುತ್ತೆ. ಮೂತಿ ಮೇಲೆತ್ತೋಕೆ ಇಡೀ ಆಕ್ಸಲ್ ಹೊರಳಿಸಿದರೆ ಚಕ್ರದ ಒರಗು ಹೋಯಿತು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಆ ಗ್ಯಾರೇಜಿನವರು ಶಾಫ್ಟಿನ ಸದ್ದು ನಿಲ್ಲಲಿ ಅಂತ ಪ್ಲೇಟಿಗೂ ಆಕ್ಸಲ್ಲಿಗೂ ಮಧ್ಯೆ ದಪ್ಪ ಬೆಣೆ ಇಟ್ಟು ಮೂತಿ ಎತ್ತಿ ಕೈ ತೊಳೆದುಕೊಂಡಿದ್ದರು. ಸದ್ದು ನಿಂತಿತ್ತು. ಸ್ಟೇರಿಂಗ್ ವಾಪಸ್ ಬರೋದೂ ನಿಂತಿತ್ತು.

ನಾನು ಆ ಬೆಣೆಗಳನ್ನ ಮನೆಗೆ ಒಯ್ದು ನಮ್ಮನೆಯವರ ಮುಂದಿಟ್ಟೆ. "ನೋಡ್ರೀ, ನಿಮ್ಮದಲ್ಲ ತಪ್ಪು, ಇದರದ್ದು" ಅಂದೆ. ಅವರು ನೋಡಿದರು. "ಇರಬಹುದು" ಅಂದರು. ಟಿವಿ ಸೌಂಡ್ ಜಾಸ್ತಿ ಮಾಡಿದರು. ಲಾರಿ ಮಾರಿಬಿಡು ಅಂದರು. ನಾನು ಅತ್ತೆ, ಬೈದೆ, ಏನೂ ಆಗಲಿಲ್ಲ. ಇದನ್ನ ಹೋಗಿ ಹೇಳಿದರೆ ಮೇಸ್ತ್ರಿ, "ಮಾರೋದಾದ್ರೂ ನೆಟ್ಟಗ ಮಾಡಿ ಮಾರಬೇಕು. ಇಂಥಾದ್ದನ್ನ ಇನ್ನೊಬ್ಬನ ಕೊರಳಿಗೆ ಕಟ್ಟಬಾರದು" ಅಂತ ಕೆಲಸ ಶುರು ಮಾಡಿದರು.

ಬೆಣೆ ಬೇಡವೇ ಬೇಡ ಅಂದರು. ಆಕ್ಸಲ್ಲಿನ ಎರಡೂ ತುದಿಯಲ್ಲಿ ಚಕ್ರ ತಿರುಗೋ ಮಂಡಿ ಇರುತ್ತಲ್ಲ, ಅದನ್ನ ಕೊಯ್ಸಿದರು. "ಮೂತಿ ಮ್ಯಾಲ ಇರಲಿ. ಮಂಡಿ ಅಷ್ಟ ಹಿಂದಕ್ಕ ಹೊರಳಲಿ." ಬೇಕಾದಷ್ಟು ಹೊರಳಿಸಿ, ಎರಡೂ ಕಡೆ ಒಂದೇ ಸಮ ಇದೆಯಾ ಅಂತ ಅಳೆದು ಅಳೆದು ಸೆಲ್ವಣ್ಣನ ತಲೆ ತಿಂದು ಬೆಸುಗೆ ಹಾಕಿಸಿದರು. ಸ್ಟೇರಿಂಗಿನ ರಾಡು ಇಳಿಜಾರಾಗಿದೆ, ಗುಂಡಿಗೆ ಬಿದ್ದಾಗ ಅದೇ ಚಕ್ರ ತಿರುಗಿಸುತ್ತೆ ಅಂತ ಅದಕ್ಕೂ ಹೊಸ ತೋಳು ಮಾಡಿಸಿದರು. ತಂತಿ ಬಗ್ಗಿಸಿಕೊಂಡು ನನ್ನ ಹತ್ತಿರ ಬಂದರು. ಆ ಪ್ಲೇಟುಗಳನ್ನ ಬಡಿಯುವಾಗ ನಾನು ಕುಲುಮೆ ಪಕ್ಕದಲ್ಲೇ ನಿಂತಿದ್ದೆ, ಆಳುಗಳಿಗೆ ನನ್ನ ಕಾಟ ಸಾಕಾಗಿತ್ತು. ಆ ಸಲ ಮೇಸ್ತ್ರಿ ತಂತಿ ಇಟ್ಟು ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೇ ಇದ್ದರೆ ಅದೇ ದೊಡ್ಡ ಸರ್ಟಿಫಿಕೇಟು.

ಎಲ್ಲಾ ಜೋಡಿಸಿ ಆಯಿತು, ಬಿಗಿಯೋದು ಬಾಕಿ. ಹಿಂದೆ ಕಂಬ, ತಂತಿ ಸುರುಳಿ ಹೇರಿದರು. ಆಮೇಲೆ ಮೇಸ್ತ್ರಿ ಬಿಳಿ ಶರಟು ಹಾಕಿಕೊಂಡು ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತರು.

"ಡ್ರೈವರ್ ಸಾಹೇಬ್ರ, ಒಂದ್ ಸ್ವಲ್ಪ ಬರಬೇಕಲ್ಲ."

"ನಾನು ಗಾಡಿ ಓಡ್ಸಲ್ಲ ಮೇಸ್ತ್ರಿ" ಅಂದರು ನಮ್ಮನೆಯವರು, ಟಿವಿ ನೋಡುತ್ತಲೇ.

"ಓಡಸರಿ ಅಂತ ಯಾರ್ ಅಂದ್ರು? ನನಗ ಡ್ರೈವರ್ ಬ್ಯಾಡ, ಭಾರ ಬೇಕು. ಎಲ್ಲಾ ಭಾರ ಕುಂತೈತಿ, ಡ್ರೈವರ್ ಸೀಟಿನ ಭಾರ ಬಂದಿಲ್ಲ. ಬೋಲ್ಟ್ ಬಿಗೀಲಿಕ್ಕೆ ಬರೂದಿಲ್ಲ."

"ಅಲ್ಲಿ ಯಾರನ್ನಾದ್ರೂ ಕೂರಿಸಿ."

"ಯಾರನ್ನರ ಯಾಕ ಕೂರಸಲಿ? ನಾಳೆ ಅದರಾಗ ಅವ ಕುಂದರತಾನೇನು? ಜೀಪಿನ ಅತ್ತೀನ ಕರಸಿದಾವ ನಾನು, ನಿಮ್ಮನ್ನ ಬಿಡತೀನೇನು?"

ನಮ್ಮನೆಯವರಿಗೆ ನಗು ಬಂತು. ಎಷ್ಟೋ ದಿನದ ಮೇಲೆ ನಗು ಬಂದಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನಾನು ಒಳಗೊಳಗೇ ಬೆರಗಾದೆ. ಜೀಪಿಗೆ ಅತ್ತೆಯ ತೂಕ ಲೆಕ್ಕಕ್ಕೆ ಬರುತ್ತೆ, ಅದು ನಿಜ. ಆದರೆ ನಮ್ಮ ಲಾರಿಯ ಪ್ಲೇಟು ನಾನೇ ನಿಂತು ಬಡಿಸಿದ್ದು. ಒಬ್ಬ ಆಳಿನ ತೂಕಕ್ಕೆ ಅದು ಕೂದಲೆಳೆಯಷ್ಟು ಬಗ್ಗಿದರೆ ಹೆಚ್ಚು. ಮೇಸ್ತ್ರಿಗೆ ಅದು ಗೊತ್ತಿಲ್ಲದೆ ಇರುತ್ತಾ? ನಾನೂ ಅವರ ಹಿಂದೆ ಹೋದೆ.

ನಮ್ಮನೆಯವರು ಡ್ರೈವರ್ ಸೀಟಲ್ಲಿ ಕೂತರು, ಮುಳ್ಳಿನ ಮೇಲೆ ಕೂತ ಹಾಗೆ. ಕೈ ಎರಡೂ ತೊಡೆ ಮೇಲೆ. ಕೆಳಗೆ ಮೇಸ್ತ್ರಿ. ಅರ್ಧ ಗಂಟೆಯಲ್ಲಿ ಮುಗಿಯೋ ಕೆಲಸ, ಅವತ್ತು ಮುಗಿಯಲೇ ಇಲ್ಲ. "ಇನ್ನೂ ಕುಂತಿಲ್ಲ, ತಡೀರಿ" ಅನ್ನೋರು. ಮಾರನೇ ದಿನ ಮತ್ತೆ ಕರೆಸಿದರು. ಅವತ್ತು, "ಸ್ಟೇರಿಂಗ್ ಈ ಕಡೆ ತಿರುಗಸ್ರಿ, ಟಯರು ಪ್ಲೇಟಿಗೆ ತಾಗತೈತೇನು ನೋಡೋಣು" ಅಂದರು. ತೊಡೆ ಮೇಲಿದ್ದ ಕೈ ಸ್ಟೇರಿಂಗಿಗೆ ಹೋಯಿತು. ಇನ್ನೊಂದು ದಿನ, "ಇಂಜಿನ್ ಚಾಲೂ ಮಾಡ್ರಿ, ನಡುಗಿದಾಗ ಬೋಲ್ಟ್ ಏನ್ ಮಾಡತೈತಿ ನೋಡಬೇಕು." ಕೀಲಿಕೈ ದೇವರ ಗೂಡಲ್ಲಿತ್ತು. ನಾನು ಓಡಿಹೋಗಿ ತಂದುಕೊಟ್ಟೆ. ಇಂಜಿನ್ ಶುರುವಾದಾಗ ನಮ್ಮನೆಯವರ ಬಲಗಾಲು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿದ್ದನ್ನ ನಾನು ನೋಡಿದೆ.

ಕೊನೆಗೊಂದು ಬೆಳಗ್ಗೆ ಓಡಿಸಿ ನೋಡೋ ದಿನ ಬಂತು. ಯಾವ ಗಾಡಿಯಾದರೂ ಓಡಿಸಿ ನೋಡೋಕೆ ಹೋಗೋನು ಸೆಲ್ವಣ್ಣ. ಮೇಸ್ತ್ರಿ ಶೆಡ್ಡಿನ ಬಾಗಿಲಲ್ಲೇ ನಿಂತು ವರದಿ ಕೇಳೋರು. ಅವತ್ತೂ ಸೆಲ್ವಣ್ಣ ಅಭ್ಯಾಸಬಲದಿಂದ ಬಂದು ಕ್ಯಾಬಿನ್ ಬಾಗಿಲಿಗೆ ಕೈ ಹಾಕಿದ. ಮೇಸ್ತ್ರಿ ಅವನನ್ನ ಪಕ್ಕಕ್ಕೆ ಸರಿಸಿದರು. ಗಂಜಿ ಹಾಕಿದ ಶರಟಲ್ಲಿದ್ದರು. ಒಂದು ಕೈಯಲ್ಲಿ ಕೊರಳ ಲಿಂಗ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸರಳು ಹಿಡಿದು ಮೇಲೆ ಹತ್ತಿದರು. ಸೆಲ್ವಣ್ಣ ಬಾಯಿ ಬಿಟ್ಟುಕೊಂಡು ನಿಂತ. ನಾನು ಅವರ ಹಿಂದೆಯೇ ಹತ್ತಿ ಬಾಗಿಲ ಪಕ್ಕ ಕೂತೆ.

"ಮೇಸ್ತ್ರಿ, ಬೇಡ, ನನಗೇ ನನ್ನ ಮೇಲೆ ನಂಬಿಕೆ ಇಲ್ಲ" ಅಂದರು ನಮ್ಮನೆಯವರು.

"ನಿಮ್ಮ ಮ್ಯಾಲ ನಂಬಿಕಿ ಕೇಳಿದ್ನೇನು ನಾನು? ನನ್ನ ಕೆಲಸದ ಮ್ಯಾಲ ನಂಬಿಕಿ ಐತಿ. ನಡೀರಿ. ಶಿವ ಶಿವ."

ಕೆರೆ ಕಡೆ ರಸ್ತೆ ಹಿಡಿದೆವು. ಅದು ರಸ್ತೆ ಅಲ್ಲ, ಗುಂಡಿಗಳ ಮೆರವಣಿಗೆ. ಅದೂ ಅವರಿಗೆ ಬೇಕಾಗಿತ್ತು. ಪ್ರತಿ ಗುಂಡಿಗೂ ಪಕ್ಕದಲ್ಲಿ ಮೇಸ್ತ್ರಿ ಮೈ ಬಿಗಿಯೋದು ನನ್ನ ತೋಳಿಗೆ ಗೊತ್ತಾಗುತ್ತಿತ್ತು. ಬೆವರು ಕಿವಿ ಹತ್ತಿರ ಇಳಿಯುತ್ತಿತ್ತು, ಕೂದಲಿನ ಕರೀ ಬಣ್ಣ ಅದರ ಜೊತೆ ಇಳಿದು ಬಿಳಿ ಕಾಲರಿಗೆ ಹತ್ತಿತ್ತು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಕೆರೆ ಏರಿ ಹತ್ತಿರ ದೊಡ್ಡ ತಿರುವು. ನಮ್ಮನೆಯವರು ಸ್ಟೇರಿಂಗ್ ತಿರುಗಿಸಿದರು.

"ಕೈ ಬಿಡ್ರಿ" ಅಂದರು ಮೇಸ್ತ್ರಿ.

"ಆ?"

"ಸ್ಟೇರಿಂಗ್ ಕೈ ಬಿಡ್ರಿ."

"ಮೇಸ್ತ್ರಿ, ನನ್ನ ಕೈಲಿ ಆಗಲ್ಲ."

"ನಾ ಇಲ್ಲೇ ಕುಂತೀನಲ್ಲ. ಬಿಡ್ರಿ."

ಅಂದವರು ತಾವು ಕಣ್ಣು ಮುಚ್ಚಿಕೊಂಡಿದ್ದರು, ಲಿಂಗ ಹಿಡಿದ ಕೈ ಎದೆಗೆ ಒತ್ತಿಕೊಂಡಿದ್ದರು. ನಮ್ಮನೆಯವರು ಅವರ ಮುಖ ಒಂದು ಸಲ ನೋಡಿದರು. ಕೈ ಬಿಟ್ಟರು. ಸ್ಟೇರಿಂಗ್ ತಾನಾಗಿ, ಯಾರೂ ಮುಟ್ಟದೆ, ನಿಧಾನಕ್ಕೆ ತಿರುಗಿ ನೇರಕ್ಕೆ ಬಂದು ನಿಂತಿತು. ಲಾರಿ ರಸ್ತೆ ಹಿಡಿದು ಹೋಗುತ್ತಲೇ ಇತ್ತು.

ನಮ್ಮನೆಯವರು ಲಾರಿ ನಿಲ್ಲಿಸಿ ಸ್ಟೇರಿಂಗ್ ಮೇಲೆ ತಲೆಯಿಟ್ಟು ಜೋರಾಗಿ ಅತ್ತರು. ನಾನೂ ಅತ್ತೆ. ಮೇಸ್ತ್ರಿ ಕಣ್ಣು ಬಿಟ್ಟು ಇಬ್ಬರನ್ನೂ ನೋಡಿ, "ಅಳೂದು ಮನಿಗೆ ಹೋಗಿ ಅಳ್ರಿ. ನನ್ನ ಮೊದಲ ಇಳಸ್ರಿ, ನಾ ನಡಕೊಂತ ಹೋಗತೀನಿ" ಅಂದರು. ನಿಜವಾಗಲೂ ಇಳಿದು, ಆ ಗುಂಡಿ ರಸ್ತೆಯಲ್ಲಿ ಬಿಳಿ ಶರಟಿನ ಧೂಳು ಕೊಡವಿಕೊಳ್ಳುತ್ತಾ ಶೆಡ್ಡಿಗೆ ನಡೆದು ಹೋದರು.

ನಮ್ಮನೆಯವರು ಮತ್ತೆ ಲಾರಿ ಓಡಿಸೋಕೆ ಶುರು ಮಾಡಿದರು. ಮೇಸ್ತ್ರಿ ಮಾತ್ರ ಆಮೇಲೆ ಲಾರಿ ಹತ್ತಿದ್ದನ್ನ ನಾನು ನೋಡಿಲ್ಲ. ವಯಸ್ಸಾಗಿ ಸೈಕಲ್ ತುಳಿಯೋಕೆ ಆಗದೇ ಇದ್ದಾಗ ಶೆಡ್ಡಿಗೆ ಬರೋದು ಕಡಿಮೆಯಾಯಿತು. ಬದಲಿಗೆ ಹೊಸಹಳ್ಳಿಯಲ್ಲಿ ಮೆಟ್ರೋ ಹುಚ್ಚು ಹತ್ತಿಸಿಕೊಂಡರು. ಭಾನುವಾರ ಮೊಮ್ಮಗಳನ್ನ ಕರಕೊಂಡು ಆ ತುದಿಯಿಂದ ಈ ತುದಿಗೆ ಹೋಗಿ ವಾಪಸ್ ಬರೋರು. ಮೇಸ್ತ್ರಿ, ಇದಕ್ಕೆ ಹೆದರಿಕೆ ಇಲ್ವಾ ಅಂತ ಕೇಳಿದೆ. "ಇದಕ್ಕ ಸ್ಟೇರಿಂಗ ಇಲ್ಲ ತಂಗಿ. ಎಲ್ಲಿ ತಿರುಗಬೇಕು ಅಂತ ಹಳಿ ನೋಡಕೋತೈತಿ. ಚಿಂತಿಲ್ಲ" ಅಂದರು.

ಈ ಮಳೆಗಾಲದಲ್ಲಿ ಹೋದರು. ನಿದ್ದೆಯಲ್ಲೇ ಹೋದರು, ಪುಣ್ಯವಂತರು. ಅವರ ಜನದ ರುದ್ರಭೂಮಿ ಹೇರೋಹಳ್ಳಿ ಆಚೆ. ಅವರಲ್ಲಿ ಮಲಗಿಸಿ ಒಯ್ಯಲ್ಲ. ಕೂರಿಸಿ, ಹೂವಿನ ವಿಮಾನ ಕಟ್ಟಿ ಮೆರವಣಿಗೆಯಲ್ಲಿ ಒಯ್ತಾರೆ. ಗಂಜಿ ಹಾಕಿದ ಬಿಳಿ ಶರಟು, ಹಣೆ ತುಂಬ ವಿಭೂತಿ. ಮಗಳು ಕೂದಲಿಗೆ ಬಣ್ಣ ಕೂಡ ಹಚ್ಚಿದ್ದಳು, ಅಪ್ಪ ಕೋಪ ಮಾಡ್ಕೋತಾರೆ ಅಂತ. ಬಾಡಿಗೆ ಗಾಡಿ ನಮ್ಮ ಬೀದಿವರೆಗೂ ಸರಿಯಾಗಿ ಬಂತು. ಮುಂದೆ ಪೈಪಿಗೆ ಅಂತ ರಸ್ತೆ ಅಗೆದು ಬಿಟ್ಟಿದ್ದರು, ಅದರ ಮೇಲೆ ಮಳೆ. ಹಿಂದಿನ ಚಕ್ರ ಕೆಸರಲ್ಲಿ ಹೂತು ಗಿರಗಿರ ತಿರುಗಿತು, ಗಾಡಿ ಅಲ್ಲಾಡಲಿಲ್ಲ. ಹಗ್ಗ ಕಟ್ಟಿ ಜಗ್ಗೋಣ ಅಂತ ಯಾರೋ ಅಂದರು. "ಬ್ಯಾಡ್ರಿ, ಅಪ್ಪಗ ಗಾಡಿ ಜಗ್ಗಿದ್ರ ಆಗೂದಿಲ್ಲ" ಅಂತ ಮಗಳು ಅಳುತ್ತಾ ಹೇಳಿದಳು.

ನಮ್ಮನೆಯವರು ಹೋಗಿ ನಮ್ಮ ಲಾರಿ ತಂದರು. ವಿಮಾನವನ್ನ ನಮ್ಮ ಲಾರಿಗೆ ಎತ್ತಿದರು, ಕ್ಯಾಬಿನ್ ಹಿಂದೆಯೇ ಕೂರಿಸಿ ನಾಲ್ಕೂ ಕಡೆ ಕಟ್ಟಿದರು. ಸೆಲ್ವಣ್ಣ, "ಆಯ್ತು, ಹೊರಡೋಣ್ವಾ" ಅಂದ. ನಮ್ಮನೆಯವರು ಇಂಜಿನ್ ಶುರು ಮಾಡಲಿಲ್ಲ.

"ತಡಿ. ಭಾರ ಕೂರಲಿ" ಅಂದರು.

ನಾನು ಕ್ಯಾಬಿನ್ ಒಳಗೆ ಅವರ ಪಕ್ಕದಲ್ಲೇ ಕೂತಿದ್ದೆ. ನನ್ನ ಕಡೆ ನೋಡದೆ ಮೆಲ್ಲಗೆ, "ಒಬ್ಬ ಆಳಿನ ತೂಕಕ್ಕೆ ಆ ಪ್ಲೇಟು ಬಗ್ಗಲ್ಲ ಅಂತ ನಂಗೂ ಅವತ್ತೇ ಗೊತ್ತಿತ್ತು ಕಣೇ" ಅಂದರು. ಮುಂದಿನ ಚಕ್ರಕ್ಕೂ ಗೇರ್ ಹಾಕಿ ಹೊರಟರು.

ನಾಲ್ಕೂ ಚಕ್ರ ಕೆಸರು ಹಿಡಿದು ಎಳೆದವು. ಹಿಂದೆ ಭಜನೆಯವರ ಗಾಡಿ, ನೆಂಟರ ಬೈಕುಗಳು. ಕೆಸರು ದಾಟಿ ಒಳ್ಳೇ ರಸ್ತೆ ಬಂದ ಮೇಲೂ ನಮ್ಮನೆಯವರು ಗೇರ್ ಬದಲಿಸಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಯಾರೋ ಬೈಕಲ್ಲಿ ಪಕ್ಕಕ್ಕೆ ಬಂದು, "ಅಣ್ಣಾ, ಹೊತ್ತಾಗುತ್ತೆ, ಸ್ವಲ್ಪ ಬೇಗ ಹೋಗಿ" ಅಂದ. ಇವರು ತಿರುಗಿಯೂ ನೋಡಲಿಲ್ಲ. ಕೆರೆ ಏರಿಯ ತಿರುವು ಬಂತು. ಅಲ್ಲಿ ಕೈ ಬಿಟ್ಟರೂ ಆ ಲಾರಿ ತಾನಾಗಿ ನೇರಕ್ಕೆ ಬರುತ್ತೆ, ಈಗಲೂ ಬರುತ್ತೆ, ದಿನಾ ಬಿಟ್ಟು ನೋಡ್ತಾರೆ. ಅವತ್ತು ಬಿಡಲಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೊದಲನೇ ಗೇರಲ್ಲೇ, ಒಂದು ಗುಂಡಿಯೂ ತಾಗದ ಹಾಗೆ ತಿರುಗಿಸಿದರು.

"ಯಾಕ್ರೀ ಇಷ್ಟು ನಿಧಾನ?" ಅಂದೆ.

"ಅವರಿಗೆ ಹೆದರಿಕೆ ಕಣೇ" ಅಂದರು.